ಫ್ರೋಡೋ ಬಾಯಿ ತೆಗೆಯುವಷ್ಟರಲ್ಲಿ ಇಂಟರ್ವಲ್

ಮೂರು ದಿನವಾಯಿತು, ಸಿಟ್ಟು ಇನ್ನೂ ಇಳಿದಿಲ್ಲ.

ಭಾನುವಾರ ‘ಲಾರ್ಡ್ ಆಫ್ ದಿ ರಿಂಗ್ಸ್’ ಮೊದಲ ಭಾಗಕ್ಕೆ ಹೋಗಿದ್ದೆ. ಹೆಚ್ಚುವರಿ ದೃಶ್ಯಗಳಿರುವ ಎಕ್ಸ್‌ಟೆಂಡೆಡ್ ಆವೃತ್ತಿ, ಚಿತ್ರವನ್ನು ಹೊಸದಾಗಿ ಸ್ಪಷ್ಟಗೊಳಿಸಿದ 4ಕೆ ರಿಮಾಸ್ಟರ್. 2001ರ ಸಿನಿಮಾ ಇದು. ಆಗ ನಮ್ಮೂರ ಟಾಕೀಸಿಗೆ ಬರಲೇ ಇಲ್ಲ. ಅಣ್ಣ ಬಾಡಿಗೆಗೆ ತಂದ ಸೀಡಿಯಲ್ಲಿ, ಮನೆಯ ಸಣ್ಣ ಟಿವಿಯಲ್ಲಿ ನೋಡಿದ್ದು. ಮೋರಿಯಾ ಅನ್ನುವ ನೆಲದಡಿಯ ಗಣಿಯ ಕತ್ತಲೆ ಬಂದರೆ ಪರದೆಯ ಮೇಲೆ ನಮ್ಮ ಮುಖವೇ ಕಾಣುತ್ತಿತ್ತು. ಒಮ್ಮೆಯಾದರೂ ದೊಡ್ಡ ಪರದೆಯಲ್ಲಿ ನೋಡಬೇಕು ಅಂತ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾದಿದ್ದೇನೆ.

ಇಡೀ ಊರಿಗೆ ದಿನಕ್ಕೆ ಒಂದೇ ಶೋ, ಬೆಳಗ್ಗೆ ಒಂಬತ್ತೂವರೆಗೆ. ಹೋಗಲಿ. ಅರ್ಧ ಗಂಟೆ ಜಾಹೀರಾತು. ಅದನ್ನೂ ಸಹಿಸಿದೆ.

ಎಲ್ಫ್ ಎಂಬ ಅಮರ ಜನರ ಊರಾದ ರಿವೆಂಡೆಲ್‌ನ ಸಭೆ ಬಂತು. ನಾಶ ಮಾಡಲು ಯಾರಾದರೂ ಒಯ್ಯಲೇಬೇಕಾದ ಆ ಕೆಟ್ಟ ಉಂಗುರ ನಡುವೆ ಕಲ್ಲಿನ ಮೇಲಿದೆ. ಎಲ್ಫ್‌ಗಳು, ಕುಳ್ಳರು, ಮನುಷ್ಯರು ಎಲ್ಲ ಎದ್ದು ಜಗಳಕ್ಕೆ ನಿಂತಿದ್ದಾರೆ. ಗಲಾಟೆ ಏರುತ್ತಾ ಹೋಗುತ್ತದೆ. ಆಗ ಕಥಾನಾಯಕ, ಆ ಪುಟ್ಟ ಫ್ರೋಡೋ ಎದ್ದು, ನಾನೇ ಒಯ್ಯುತ್ತೇನೆ ಅನ್ನುತ್ತಾನೆ. ಅವನ ದನಿ ಕೇಳಿದ ಕ್ಷಣ, ಅವನಿಗೆ ಬೆನ್ನು ಹಾಕಿ ನಿಂತಿರುವ ಮುದಿ ಮಾಂತ್ರಿಕ ಗ್ಯಾಂಡಾಲ್ಫ್ ಕಣ್ಣು ಮುಚ್ಚಿಕೊಳ್ಳುತ್ತಾನೆ. ಮಗನನ್ನು ಯುದ್ಧಕ್ಕೆ ಕಳಿಸಬೇಕಾದ ಅಪ್ಪನ ಮುಖ ಅದು. ಆ ಪಾತ್ರದ ನಟ ಇಯಾನ್ ಮೆಕೆಲನ್ ಆ ಒಂದು ಗಳಿಗೆಯಲ್ಲಿ ಮಾಡಿದ್ದನ್ನು ನೋಡಲೆಂದೇ ನಾನು ಹೋಗಿದ್ದು.

ಫ್ರೋಡೋ ಎದ್ದು ನಿಂತ. ಪರದೆ ಕಪ್ಪಾಯಿತು. ಇಂಟರ್ವಲ್.

ಅರೆ, ಯಾರಿಗಾದರೂ ಹೀಗೆ ಕತ್ತರಿ ಹಾಕಲು ಮನಸ್ಸಾದರೂ ಹೇಗೆ ಬರುತ್ತದೆ? ಹೊರಗೆ ಹೋಗಿ ಕೇಳಿದೆ. “ಸಾರ್, ಅದು ಸಿಸ್ಟಮ್ಮೇ ಹಾಕೋದು” ಅಂದ ಹುಡುಗ. ಅವನ ಮೇಲೆ ನನಗೆ ಕೋಪವಿಲ್ಲ. ಆದರೆ ಸಿಸ್ಟಮ್ಮಿಗೆ ಆ ಸಮಯವನ್ನು ಯಾರೋ ಒಬ್ಬರು ತುಂಬಿರಬೇಕು ಅಲ್ವಾ? ಒಟ್ಟು ನಿಮಿಷವನ್ನು ಎರಡರಿಂದ ಭಾಗಿಸಿ ಹಾಕಿಬಿಟ್ಟರೆ ಕೆಲಸ ಮುಗಿಯಿತೇ? ಈ ಆವೃತ್ತಿಯ ಡಿವಿಡಿಯಲ್ಲಿ ಸಿನಿಮಾ ಎರಡು ಡಿಸ್ಕ್‌ನಲ್ಲಿದೆ. ಮೊದಲ ಡಿಸ್ಕ್ ಮುಗಿಯುವುದು ಇದೇ ಸಭೆಯ ಕೊನೆಗೆ, ಉಂಗುರದ ಜೊತೆ ಹೊರಡುವ ಒಂಬತ್ತು ಜನ ಸೇರಿದ ಮೇಲೆ. ಇನ್ನು ಕೆಲವೇ ನಿಮಿಷ ಕಾದಿದ್ದರೆ ಸಾಕಿತ್ತು!

ಮತ್ತೆ ಶುರುವಾದಾಗ ಜನ ಪಾಪ್‌ಕಾರ್ನ್ ಹಿಡಿದು ಸೀಟು ಹುಡುಕುತ್ತಿದ್ದರು. ಮೊಬೈಲ್ ಟಾರ್ಚ್ ಬೇರೆ. ಗ್ಯಾಂಡಾಲ್ಫ್ ಕಣ್ಣು ಮುಚ್ಚಿದಾಗ ನನ್ನ ಮುಂದೆ ಯಾರದೋ ಬೆನ್ನಿತ್ತು.

ಕೊನೆಯಲ್ಲೂ ಅದೇ ಕಥೆ. ಹೆಸರುಗಳ ಪಟ್ಟಿಯ ಜೊತೆ ಗಾಯಕಿ ಎನ್ಯಾ ಹಾಡು ಶುರುವಾಗುತ್ತಿದ್ದಂತೆ ಲೈಟು ಹಾಕಿ, ಸ್ವಲ್ಪ ಹೊತ್ತಿಗೆ ಸೌಂಡ್ ಬಂದ್ ಮಾಡಿದರು. ಮುಂದಿನ ಸಿನಿಮಾದ ಶೋಗೆ ಹೊತ್ತಾಯಿತಂತೆ. 178 ನಿಮಿಷದ ಸಿನಿಮಾಕ್ಕೆ ಅರ್ಧ ಗಂಟೆ ಸೇರಿಸಿದ ಆವೃತ್ತಿ ಅಂತ ಹೇಳಿಯೇ ಟಿಕೆಟ್ ಮಾರಿದ್ದೀರಿ. ಅಭಿಮಾನಿ ಸಂಘದವರ ಹೆಸರುಗಳೂ ಇರುವ ಉದ್ದನೆಯ ಪಟ್ಟಿ ಈ ಆವೃತ್ತಿಯ ಕೊನೆಗಿದೆ. ಅದನ್ನು ಕೂತು ನೋಡುವವರೇ ಇಂಥ ಶೋಗೆ ಬರುವುದು. ಸಮಯ ಕೊಡಲು ಆಗದಿದ್ದರೆ ಯಾಕೆ ತರುತ್ತೀರಿ?

ಮುಂದಿನ ವಾರ ಎರಡನೇ ಭಾಗ. ಟಿಕೆಟ್ ಆಗಲೇ ತೆಗೆದಿದ್ದೇನೆ. ದಯವಿಟ್ಟು, ಈ ಸಿನಿಮಾ ನೋಡಿರುವ ಒಬ್ಬರನ್ನಾದರೂ ಕೇಳಿ ಇಂಟರ್ವಲ್ ಸಮಯ ಹಾಕಿ.