ನಮ್ಮ ಮನೆಯ ‘ಅಣ್ಣ’

‘ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂಬ ಮಾತು ಬೆಂಗಳೂರಿನಲ್ಲಿ ಬೆಳೆದವರಿಗೆ ಹೊಸದಲ್ಲ. ಗೆಳೆಯರನ್ನು ಹಾಗೆ ಹಂಗಿಸಿ ನಾನೂ ನಕ್ಕವನೇ. ಹೋದ ವರ್ಷ ಜಯನಗರದ ಅಡ್ಡರಸ್ತೆಯೊಂದರಲ್ಲಿ ಆಪ್ತಸಮಾಲೋಚಕಿಯೊಬ್ಬರ ಮನೆ ಹುಡುಕಿಕೊಂಡು ಹೋದಾಗ, ಪರಿಚಯದವರು ಯಾರಾದರೂ ಕಂಡಾರೆಂದು ಹೆಲ್ಮೆಟ್ ತೆಗೆಯದೆಯೇ ಗೇಟು ದಾಟಿದೆ.

ತಂದೆ ತೀರಿಕೊಂಡು ಐದು ತಿಂಗಳಾಗಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಮಕ್ಕಳ ಮೇಲೆ ರೇಗಾಟ. ಬುದ್ಧಿಮಾತಿಗೇನೂ ಬರವಿರಲಿಲ್ಲ. ಒಬ್ಬರು ವಾಕಿಂಗ್ ಹೋಗು ಎಂದರು, ಇನ್ನೊಬ್ಬರು ಧರ್ಮಸ್ಥಳಕ್ಕೆ ಹೋಗಿ ಬಾ ಎಂದರು, ಚಿಕ್ಕಪ್ಪ ‘ಗಂಡಸಾಗಿ ಹೀಗೆ ಕುಗ್ಗಿದರೆ ಹೇಗೋ’ ಎಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ನಾನು ಎರಡನೇ ಮಾತು ಆಡುವ ಮೊದಲೇ ಅವರ ಪರಿಹಾರ ಸಿದ್ಧವಾಗಿರುತ್ತಿತ್ತು.

ಸಮಾಲೋಚಕಿ ಪರಿಹಾರ ಹೇಳಲಿಲ್ಲ. (1200 ರೂಪಾಯಿ ತೆಗೆದುಕೊಂಡು ಒಂದು ಸಲಹೆಯೂ ಇಲ್ಲವೇ ಎಂದು ಮೊದಲ ದಿನ ಸಿಟ್ಟೇ ಬಂದಿತ್ತು.) ಎರಡನೇ ಭೇಟಿಯಲ್ಲಿ ನಾನು ಮರಣ ಪ್ರಮಾಣಪತ್ರ, ಪಿಂಚಣಿ, ಖಾತೆ ಬದಲಾವಣೆ ಎಂದು ವರದಿ ಒಪ್ಪಿಸುತ್ತಿದ್ದೆ. ನಡುವೆ ಕೇಳಿದರು: ‘ತಂದೆಯವರನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದಿರಿ?’

‘ಅಣ್ಣ’ ಎಂದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಪ್ಪನೇ ಅಣ್ಣ. ಐದು ತಿಂಗಳಿಂದ ಕೌಂಟರಿನಿಂದ ಕೌಂಟರಿಗೆ ‘ನಮ್ಮ ತಂದೆ’, ‘ಮೃತರು’ ಎನ್ನುತ್ತಿದ್ದ ಬಾಯಿಗೆ ಆ ಪದ ಬಂದೇ ಇರಲಿಲ್ಲ. ಮುಂದೆ ಮಾತು ಹೊರಡಲಿಲ್ಲ. ಅವರು ಸಮಾಧಾನ ಹೇಳಲೂ ಇಲ್ಲ. ಎದ್ದು ಫ್ಯಾನಿನ ವೇಗ ತಗ್ಗಿಸಿ ಬಂದು ಕುಳಿತರು.

‘ಸ್ನೇಹಿತರಿದ್ದರೆ ಸಾಲದೇ’ ಎನ್ನುವವರೊಡನೆ ನನ್ನ ತಕರಾರು ಇಷ್ಟೇ. ನನ್ನ ಅಳು ನೋಡಿದರೆ ಸ್ನೇಹಿತನಿಗೆ ಸಂಕಟ. ಅದು ಬೇಗ ನಿಲ್ಲಲಿ ಎಂದೇ ಅವನು ಮಾತು ತಿರುಗಿಸುತ್ತಾನೆ. ಇವರಿಗೆ ಆ ಅವಸರವಿರಲಿಲ್ಲ. ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನೂ ಕಾಣಬೇಕಾಗಬಹುದು, ಔಷಧಿ ಕೊಡುವುದು ಅವರ ಕೆಲಸ ಎಂದು ಮೊದಲೇ ಹೇಳಿದ್ದರು. ಆ ಪ್ರಮೇಯ ಬರಲಿಲ್ಲ.

ದುಡ್ಡಿನ ಚಿಂತೆ ಇರುವವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ಟೆಲಿ ಮಾನಸ್. ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತನಾಡಬಹುದು. ಅದರ ಚುಕ್ಕಾಣಿ ಹಿಡಿದಿರುವುದು ನಾವು ಹಂಗಿಸಲು ಬಳಸುವ ಅದೇ ನಿಮ್ಹಾನ್ಸ್.

ಮೊನ್ನೆ ಚಿಕ್ಕಪ್ಪ ಮನೆಗೆ ಬಂದಿದ್ದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ದನಿ ತಗ್ಗಿಸಿ, ‘ಆ ಹೆಂಗಸು ವಯಸ್ಸಾದವರನ್ನೂ ನೋಡುತ್ತಾರೇನೋ?’ ಎಂದು ಕೇಳಿದರು. ತೀರಿಹೋದದ್ದು ಅವರಿಗೂ ಅಣ್ಣನೇ. ನಂಬರು ಕಳುಹಿಸಿದ್ದೇನೆ.