ಮೀಟರ್ ಹೇಳೋದು ಮನೆಯವರಿಗೂ ಅರ್ಥವಾಗಬೇಕು

ಕರ್ನಾಟಕ ಬಿಟ್ಟು ಬಂದ ಮೇಲೆ ನನಗೆ ತೀರಾ ಬೇರೆ ಅನ್ನಿಸಿದ್ದು ಕರೆಂಟಿಗೆ ದುಡ್ಡು ಕಟ್ಟುವ ರೀತಿ. ತಿಂಗಳಿಡೀ ಬಳಸಿ ಆಮೇಲೆ ಬಿಲ್ ಕಟ್ಟುವುದನ್ನು ನೋಡಿ ಬೆಳೆದವನು ನಾನು. ಆ ಪದ್ಧತಿಯಲ್ಲಿ ಮೀಟರ್ ಓದುವುದು ಮೀಟರ್ ರೀಡರ್ ಕೆಲಸ. ಮೀಟರ್ ಏನೇ ತೋರಿಸಲಿ, ಮನೆಯಲ್ಲಿ ದೀಪ ಉರಿಯುತ್ತಿದ್ದರೆ ನಮಗೆ ಸಾಕು. ಇಲ್ಲಿ ಪ್ರಿಪೇಯ್ಡ್. ಓದುವ ಕೆಲಸ ನಮ್ಮ ಪಾಲಿಗೆ ಬಂದಿದೆ, ಆದರೆ ಓದುವುದು ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ. ಇದು ಅನ್ಯಾಯ.

ಪದ್ಧತಿಯೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಷ್ಟು ಉಳಿದಿದೆ ಅಂತ ದಿನಾ ಕಾಣುತ್ತದೆ, ಖರ್ಚು ಹಿಡಿತದಲ್ಲಿರುತ್ತದೆ. ತೊಂದರೆ ಶುರುವಾಗೋದು ದುಡ್ಡು ಕೊಟ್ಟು ತಂದ ಟೋಕನ್ನನ್ನು, ಅಂದರೆ ಮೀಟರಿಗೆ ಒತ್ತಬೇಕಾದ ಅಂಕಿಗಳ ಸಾಲನ್ನು, ಮೀಟರ್ ಬೇಡ ಅಂದಾಗ.

ಕೀಪ್ಯಾಡ್ ಇರುವ ಮೀಟರ್‌ಗಳಲ್ಲಿ ಎಸ್‌ಟಿಎಸ್ ಎಂಬ ಪದ್ಧತಿಯವೇ ಜಾಸ್ತಿ. ದುಡ್ಡು ಕಟ್ಟಿದರೆ 20 ಅಂಕಿಯ ಟೋಕನ್ ಬರುತ್ತದೆ. ಅದು ಒಂದೇ ಮೀಟರಿಗೆ ಸೇರಿದ್ದು. ‘ರಿಜೆಕ್ಟ್’ ಅಂತ ಬಂದರೆ ಅಂಕಿ ತಪ್ಪಿರಬಹುದು, ಇಲ್ಲವೇ ಬೇರೆ ಮೀಟರಿನ ಟೋಕನ್ ಇರಬಹುದು. ‘ಯೂಸ್ಡ್’ ಅಂದರೆ ಅದನ್ನು ಆಗಲೇ ಹಾಕಿ ಆಗಿದೆ. ಮನೆಯಲ್ಲಿ ಇನ್ಯಾರೋ ಒತ್ತಿರುತ್ತಾರೆ, ಅಲ್ವಾ? ಮೊದಲು ಮೀಟರಿನಲ್ಲಿ ಉಳಿದಿರುವ ಯೂನಿಟ್ ನೋಡಿ. ‘ಓಲ್ಡ್’ ಅಂದರೆ ಮೀಟರ್ ನೆನಪಿಟ್ಟುಕೊಂಡಿರುವ ಟೋಕನ್‌ಗಳೆಲ್ಲಕ್ಕಿಂತ ಇದು ಹಳೆಯದು. ಅದಕ್ಕೇ ಕೊಂಡ ಟೋಕನ್ ಎತ್ತಿಡದೆ, ಕೊಂಡ ಕ್ರಮದಲ್ಲೇ ಹಾಕುವುದು ಒಳ್ಳೆಯದು.

ಇದಕ್ಕಿಂತ ದೊಡ್ಡ ಗೊಂದಲ 2024ರಲ್ಲಿ ಎದುರಾಯಿತು. ಈ ಟೋಕನ್‌ಗಳ ಸಮಯವನ್ನು 1993ರ ಜನವರಿ 1ರಿಂದ ನಿಮಿಷಗಳಲ್ಲಿ ಎಣಿಸುತ್ತಿದ್ದರು. ಆ ಲೆಕ್ಕಕ್ಕೆ ಇಟ್ಟಿದ್ದ ಜಾಗ 24 ಬಿಟ್ ಮಾತ್ರ, ಅಂದರೆ ಸುಮಾರು 1.68 ಕೋಟಿ ನಿಮಿಷ. 2024ರ ನವೆಂಬರ್ 24ಕ್ಕೆ ಅದು ಮುಗಿಯಿತು. ಅಷ್ಟರೊಳಗೆ ಈ ಲೆಕ್ಕದಲ್ಲಿದ್ದ ಪ್ರತಿ ಮೀಟರಿಗೂ ಸಾಮಾನ್ಯವಾಗಿ ತಲಾ 20 ಅಂಕಿಯ ಎರಡು ವಿಶೇಷ ಟೋಕನ್ ಹಾಕಿ ಕೀ, ಅಂದರೆ ಟೋಕನ್ ಗುರುತಿಸಲು ಮೀಟರಿನೊಳಗಿರುವ ಗುಪ್ತ ಸಂಕೇತ, ಬದಲಿಸಬೇಕಿತ್ತು. ಬದಲಿಸದ ಮೀಟರ್ ಹೊಸ ಟೋಕನ್ ಒಪ್ಪುವುದಿಲ್ಲ. ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ನಿಂತವರಿಗೆ ಕಾಣುವುದು ‘ರಿಜೆಕ್ಟ್’ನಂಥ ಒಂದು ಪದ ಮಾತ್ರ. ಇಷ್ಟೆಲ್ಲ ಹಿನ್ನೆಲೆ ಅವರು ಊಹಿಸಿಕೊಳ್ಳಬೇಕು ಅಂದರೆ ಹೇಗೆ?

ಇನ್ನು ತೊಂದರೆಯಾದಾಗ ಮೀಟರ್ ತೋರಿಸುವ ನಂಬರ್ ಕೋಡ್‌ಗಳು. ಇವು ತಯಾರಕರಿಂದ ತಯಾರಕರಿಗೆ ಬೇರೆ. ಸುಮ್ನೆ ‘ಎರರ್’ ಅಂತ ನಂಬರ್ ಹಾಕಿ ನೆಟ್‌ನಲ್ಲಿ ಹುಡುಕಿದರೆ ಇನ್ಯಾವುದೋ ಮೀಟರಿನ ಅರ್ಥ ಸಿಗುತ್ತದೆ. ಮಾಡೆಲ್ ಹೆಸರು ಸೇರಿಸಿಯೇ ಹುಡುಕಬೇಕು. ಲೋಡ್ ಜಾಸ್ತಿಯಾಗಿ ಕಡಿದುಕೊಂಡಿದ್ದರೆ ಗೀಸರ್, ಒಲೆಯಂಥವನ್ನು ಆರಿಸಿ ಕಾಯಿರಿ. ‘ಟ್ಯಾಂಪರ್’ (ಮೀಟರನ್ನು ಯಾರೋ ತೆರೆದಿದ್ದಾರೆ ಎಂಬ ಅನುಮಾನ) ಅಂತ ಬಂದರೆ ಮಾತ್ರ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಅದನ್ನು ಸರಿಪಡಿಸಬೇಕಾದವರು ಕರೆಂಟ್ ಕಂಪನಿಯವರು.

ಕೀಪ್ಯಾಡ್ ಇಲ್ಲದ ಸ್ಮಾರ್ಟ್ ಮೀಟರ್‌ಗಳ ಕಥೆ ಬೇರೆ. ಆ್ಯಪ್‌ನಲ್ಲಿ ದುಡ್ಡು ಜಮೆಯಾಗಿದ್ದರೂ ನೆಟ್‌ವರ್ಕ್ ಇಲ್ಲದೆ ಸುದ್ದಿ ಮೀಟರಿಗೆ ತಲುಪಿರುವುದಿಲ್ಲ.

ಬಿಲ್ ಪದ್ಧತಿಯಲ್ಲಿ ಲೆಕ್ಕ ತಪ್ಪಿದರೆ ಕರೆಂಟ್ ಇದ್ದುಕೊಂಡೇ ಜಗಳ ಆಡಬಹುದು. ಪ್ರಿಪೇಯ್ಡ್‌ನಲ್ಲಿ ಜಗಳ ಮುಗಿಯುವ ತನಕ ಮನೆ ಕತ್ತಲು. ಆದ್ದರಿಂದ ಮೀಟರ್ ಹಾಕುವ ದಿನವೇ ಆ ಮಾಡೆಲಿನ ಕೋಡ್, ಅದರ ಅರ್ಥ, ಯಾವುದಕ್ಕೆ ಯಾರನ್ನು ಕರೆಯಬೇಕು ಅನ್ನುವುದನ್ನು ಮನೆಯವರು ಓದುವ ಭಾಷೆಯಲ್ಲಿ ಬರೆದು ಪಕ್ಕದಲ್ಲೇ ಅಂಟಿಸಬೇಕು. ಬಾಡಿಗೆ ಮನೆಯಾದರೆ ಮಾಲೀಕರು ಕೀಲಿಯ ಜೊತೆ ಆ ಹಾಳೆಯನ್ನೂ ಕೊಡಬೇಕು.