ಕೈಯಲ್ಲಿ ಒಂದು

ಕೂಡುವ ಲೆಕ್ಕದ ಕಷ್ಟವೆಲ್ಲ ಇರುವುದು ಕೈಯಲ್ಲಿ ಒಂದು ಇಟ್ಟುಕೊಳ್ಳುವುದರಲ್ಲಿ. ಏಳೂ ಎಂಟೂ ಹದಿನೈದು ಎಂದು ಯಾವ ಮಗುವಾದರೂ ಹೇಳೀತು. ಆದರೆ ಐದನ್ನು ಕೆಳಗೆ ಬರೆದು, ಒಂದನ್ನು ಕೈಯಲ್ಲಿಟ್ಟುಕೊಂಡು ಪಕ್ಕದ ಸಾಲಿಗೆ ದಾಟುವಷ್ಟರಲ್ಲಿ ಅಡುಗೆಮನೆಯಿಂದ ಯಾರಾದರೂ ಕೂಗಿದರೆ ಆ ಒಂದು ಎಲ್ಲೋ ಜಾರಿಹೋಗಿರುತ್ತದೆ. ನನ್ನ ಸ್ಲೇಟಿನಿಂದ ಹೀಗೆ ಜಾರಿದ ಒಂದುಗಳನ್ನೆಲ್ಲ ಕೂಡಲು ಹೊರಟರೆ, ಅಲ್ಲಿಯೂ ಒಂದೆರಡು ಕಳೆದುಹೋಗುವುದು ಖಂಡಿತ.

ಈ ಜಾರುವ ಒಂದನ್ನು ಹಿತ್ತಾಳೆಯ ಪೆಟ್ಟಿಗೆಯೊಳಗೆ ಹಿಡಿದು ಕೂರಿಸಿದವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. 1642ರಲ್ಲಿ, ಲೆಕ್ಕ ಕೂಡುವ ಯಂತ್ರವೊಂದನ್ನು ಕಟ್ಟುವ ಆ ಕೆಲಸಕ್ಕೆ ಕೈಹಾಕಿದಾಗ ಅವನಿನ್ನೂ ಹತ್ತೊಂಬತ್ತರ ಆಸುಪಾಸಿನ ಹುಡುಗ. ಅವನ ತಂದೆ ಎಟಿಯೆನ್ ರೂವಾನ್ ನಗರದಲ್ಲಿ ತೆರಿಗೆಯ ಉಸ್ತುವಾರಿ ನೋಡಿಕೊಳ್ಳುವ ಅಧಿಕಾರಿಯಾಗಿದ್ದು, ಮುಗಿಯದ ಲೆಕ್ಕದ ರಾಶಿಯಲ್ಲಿ ಮುಳುಗಿರುತ್ತಿದ್ದರು. ಹನ್ನೆರಡು ದೆನಿಯೇ ಸೇರಿದರೆ ಒಂದು ಸೋಲ್, ಇಪ್ಪತ್ತು ಸೋಲ್ ಸೇರಿದರೆ ಒಂದು ಲೀವ್ರ್ ಎಂಬುದು ಅಲ್ಲಿನ ನಾಣ್ಯದ ಲೆಕ್ಕ. ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ ಎಂದು ಕಿರ್ದಿ ಬರೆದ ನಮ್ಮ ಹಿರಿಯರಿಗೆ ಆ ತಂದೆಯ ಪಾಡು ವಿವರಿಸಿ ಹೇಳಬೇಕಾಗಿರಲಿಲ್ಲ.

ಯಂತ್ರವನ್ನು ಮೇಲಿನಿಂದ ನೋಡಿದರೆ ಹಳೆಯ ಡಯಲ್ ಫೋನುಗಳನ್ನು ಸಾಲಾಗಿ ಮಲಗಿಸಿದಂತೆ ಕಾಣುತ್ತದೆ. ಬೇಕಾದ ಅಂಕಿಯ ಎದುರಿನ ಸಂದಿಗೆ ಕಡ್ಡಿಯೊಂದನ್ನು ತೂರಿಸಿ ತಡೆ ಸಿಗುವವರೆಗೆ ಚಕ್ರವನ್ನು ತಿರುಗಿಸಬೇಕು. ಫೋನಿನ ಡಯಲ್‌ನಂತೆ ಅದು ಹಿಂದಕ್ಕೆ ಬರುವುದಿಲ್ಲ, ಮೇಲಿನ ಕಿಂಡಿಯಲ್ಲಿ ಮೊತ್ತವನ್ನು ತೋರಿಸುತ್ತ ಹೋದಲ್ಲೇ ನಿಲ್ಲುತ್ತದೆ. ಇಷ್ಟನ್ನು ಜಾಣ ಗಡಿಯಾರದವನೊಬ್ಬನೂ ಮಾಡಿಯಾನು. ತೊಡಕಿರುವುದು 999ಕ್ಕೆ ಒಂದು ಸೇರುವ ಕ್ಷಣದಲ್ಲಿ: ಬಿಡಿಯ ಚಕ್ರವು ಹತ್ತರದನ್ನೂ, ಹತ್ತರದು ನೂರರದನ್ನೂ ಹಲ್ಲಿಗೆ ಹಲ್ಲು ಕಚ್ಚಿ ತಳ್ಳಬೇಕೆಂದರೆ ಆ ಭಾರವೆಲ್ಲ ಕಡ್ಡಿ ಹಿಡಿದ ಬೆರಳಿನ ಮೇಲೆಯೇ ಬೀಳುತ್ತದೆ. ಪಾಸ್ಕಲ್ ಇದಕ್ಕೆ ಕಂಡುಕೊಂಡ ಉಪಾಯದ ಹೆಸರು ಸೋತ್ವಾರ್, ಅಂದರೆ ಎರಡು ಚಕ್ರಗಳ ನಡುವಿನ ಒಂದು ತೂಕದ ಸನ್ನೆ. ಚಕ್ರವು ಒಂಬತ್ತರತ್ತ ಸಾಗುತ್ತಿರುವಾಗ ಆ ಸನ್ನೆಯನ್ನು ಸದ್ದಿಲ್ಲದೆ ಸ್ವಲ್ಪಸ್ವಲ್ಪವಾಗಿ ಮೇಲಕ್ಕೆತ್ತುತ್ತದೆ. ಒಂಬತ್ತು ಸೊನ್ನೆಯಾದ ಕೂಡಲೇ ಅದು ತನ್ನ ಭಾರಕ್ಕೆ ತಾನೇ ಬಿದ್ದು, ಬೀಳುವಾಗ ಪಕ್ಕದ ಚಕ್ರವನ್ನು ಒಂದು ಮನೆ ಮುಂದಕ್ಕೆ ತಳ್ಳುತ್ತದೆ. ಕೈಯಲ್ಲಿಟ್ಟುಕೊಳ್ಳಬೇಕಾದ ಒಂದನ್ನು ಭೂಮಿಯ ಸೆಳೆತದ ಕೈಗೇ ಒಪ್ಪಿಸಿದ ಈ ಯುಕ್ತಿಯನ್ನು ನೆನೆದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತದೆ.

ಐವತ್ತಕ್ಕೂ ಹೆಚ್ಚು ಮಾದರಿಗಳನ್ನು ಮಾಡಿ ನೋಡಿದ ಅವನು 1645ರಲ್ಲಿ ಯಂತ್ರವನ್ನು ರಾಜನ ಹಿರಿಯ ಮಂತ್ರಿಯಾಗಿದ್ದ ಚಾನ್ಸೆಲರ್ ಸೆಗಿಯೆಗೆ ಅರ್ಪಿಸಿದ. ಈ ನಡುವೆ ರೂವಾನಿನ ಗಡಿಯಾರದವನೊಬ್ಬ, ಕೇಳಿದ ಮಾತಿನ ಆಧಾರದ ಮೇಲೆಯೇ, ತನ್ನದೂ ಒಂದು ಯಂತ್ರವನ್ನು ಮಾಡಿಬಿಟ್ಟ. ಹೊರಗೆ ಬಲು ನಯವಾಗಿ ಹೊಳೆಯುತ್ತಿದ್ದ ಅದು ಲೆಕ್ಕಕ್ಕೆ ಮಾತ್ರ ಬರುತ್ತಿರಲಿಲ್ಲ. ಆದರೂ ಅದಕ್ಕೆ ಅಪರೂಪದ ವಸ್ತುಗಳ ಸಂಗ್ರಹವೊಂದರಲ್ಲಿ ಜಾಗ ಸಿಕ್ಕಿತು. ಅದನ್ನು ಕಂಡು ರೇಗಿದ ಪಾಸ್ಕಲ್ ಕೆಲಸಗಾರರನ್ನೆಲ್ಲ ಮನೆಗೆ ಕಳುಹಿಸಿ ಕೆಲವು ಕಾಲ ಕೆಲಸವನ್ನೇ ಕೈಬಿಟ್ಟಿದ್ದ. 1649ರಲ್ಲಿ ಈ ಯಂತ್ರವನ್ನು ಬೇರೆ ಯಾರೂ ಮಾಡಕೂಡದೆಂಬ ರಾಜಾಜ್ಞೆ ದೊರೆತಾಗ ಅವನಿಗಾದ ಸಮಾಧಾನವನ್ನು ನಾನು ಬಲ್ಲೆ.

ಮಾರಾಟ ಮಾತ್ರ ಹೇಳಿಕೊಳ್ಳುವಂತೆ ನಡೆಯಲಿಲ್ಲ. ಬೆಲೆ ನೂರು ಲೀವ್ರ್. ಅದರಲ್ಲಿ ಕಳೆಯುವ ಲೆಕ್ಕ ಮಾಡಬೇಕಾದರೆ ಚಕ್ರ ಹಿಂದಕ್ಕೆ ತಿರುಗದ ಕಾರಣ ಒಂಬತ್ತರ ಪೂರಕವನ್ನು, ಅಂದರೆ ಪ್ರತಿ ಅಂಕಿಯನ್ನೂ ಒಂಬತ್ತರಿಂದ ಕಳೆದರೆ ಉಳಿಯುವುದನ್ನು, ಹಿಡಿದು ಕೂಡಬೇಕು. ಉಳಿದಿರುವ ಕೆಲವೇ ಯಂತ್ರಗಳಲ್ಲಿ ಹಲವು ಪ್ಯಾರಿಸಿನ ಕಲೆ ಮತ್ತು ಕಸುಬುಗಳ ವಸ್ತುಸಂಗ್ರಹಾಲಯದಲ್ಲಿವೆ.

ಆರೂ ದಶಮಾನದ ಚಕ್ರಗಳಿರುವ ಯಂತ್ರದಲ್ಲಿ 999999 ಇಟ್ಟು ಇನ್ನೊಂದನ್ನು ಸೇರಿಸಿದರೆ, ಸನ್ನೆಗಳು ಬಲದಿಂದ ಎಡಕ್ಕೆ ಒಂದರ ಹಿಂದೊಂದರಂತೆ ಬಿದ್ದು, ಕಿಂಡಿಗಳಲ್ಲೆಲ್ಲ ಸೊನ್ನೆಗಳು ಮೂಡುತ್ತವೆ. ಹತ್ತು ಲಕ್ಷದ ಆ ಒಂದಕ್ಕೆ ಎಡತುದಿಯ ಚಕ್ರದಾಚೆ ಹೋಗಿ ಕೂರಲು ಮನೆಯೇ ಇಲ್ಲ. ಇಷ್ಟೆಲ್ಲ ಮಾಡಿದ ಪಾಸ್ಕಲ್‌ನ ಕೈಯಿಂದಲೂ ಅದೊಂದು ಜಾರಿತಲ್ಲ!